ಬಲಕ್ಕೆ ಸರಿಯುವ ವಿಮಾನ

ಪುಟ್ಟಿಯ ವಿಮಾನ ಕಾಗದದ ಮೇಲೆ ಅಪ್ಪಟ ಚಿನ್ನ. ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟವೊಂದಕ್ಕೆ ಅವಳು ಹಳೆಯ ಜೆಟ್ ಒಂದನ್ನು ಕಟ್ಟುತ್ತಿದ್ದಳು. ಅದರ ಚಿತ್ರ ಬಿಡಿಸುವವರು ಬೇರೆ. ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳಬೇಕು ಎಂಬ ಲೆಕ್ಕ ಇವಳದು. ಯಾವ ವೇಗದಲ್ಲಿ ಎಷ್ಟು ಬೇಗ ತಿರುಗುತ್ತದೆ, ಹೊಟ್ಟೆ ತುಂಬ ಇಂಧನವಿದ್ದರೆ ಎಷ್ಟು ಸೋಮಾರಿಯಾಗುತ್ತದೆ, ಯಾವ ಗಳಿಗೆಯಲ್ಲಿ ರೆಕ್ಕೆ ಕೈಕೊಡುತ್ತದೆ, ಎಲ್ಲವೂ ಹಳೆಯ ಕೈಪಿಡಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿದ್ದವು. ಒಪ್ಪದೆ ಉಳಿದವರು ದೊಡ್ಡಪ್ಪ ಒಬ್ಬರೇ.

ದೊಡ್ಡಪ್ಪ ಆ ಜೆಟ್ಟನ್ನು ಒಂಬತ್ತು ವರ್ಷ ನಿಜವಾಗಿ ಹಾರಿಸಿದವರು. ಮೂರು ವಾರಗಳಿಂದ ದಿನಾ ಬೆಳಿಗ್ಗೆ ಕಚೇರಿಗೆ ಹೊರಟವರಂತೆ ಪುಟ್ಟಿಯ ಕೋಣೆಗೆ ಬಂದು, ಕುರ್ಚಿಯಲ್ಲಿ ಕೂತು, ಅವಳ ವಿಮಾನವನ್ನು ಪರೀಕ್ಷಿಸಲು ಅದನ್ನು ನಡೆಸುವ ಹಿಡಿಕೆ ಹಿಡಿಯುತ್ತಿದ್ದರು. ನಿವೃತ್ತಿಯಾದ ಮೇಲೆ ಈ ಮನುಷ್ಯ ಇಷ್ಟು ಚೆನ್ನಾಗಿ ತಲೆ ಬಾಚಿಕೊಂಡದ್ದು ಇದೇ ಮೊದಲು ಎಂದು ದೊಡ್ಡಮ್ಮ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದರು.

ತಕರಾರು ಒಂದೇ. ವೇಗವಾಗಿ ಗುರಿಯತ್ತ ಧುಮುಕುವಾಗ ವಿಮಾನ ಬಲಕ್ಕೆ ವಾಲಿ, ಗುರಿ ತಪ್ಪಿಹೋಗುತ್ತಿತ್ತು.

"ನಿನ್ನ ವಿಮಾನ ಬಲಕ್ಕೆ ಎಳೀತಿದೆ, ಪುಟ್ಟಿ."

"ಇಲ್ಲ ದೊಡ್ಡಪ್ಪ. ಕೈಬಿಟ್ಟು ನೋಡಿದೀನಿ, ದಾರ ಹಿಡಿದ ಹಾಗೆ ನೇರ ಹೋಗುತ್ತೆ."

ಇಪ್ಪತ್ತು ಸಲ ಧುಮುಕಿದರು. ಇಪ್ಪತ್ತು ಸಲವೂ ತಪ್ಪಿತು. ಕೊನೆಗೆ ಮೆಲ್ಲನೆ ಹಿಡಿಕೆ ಬಿಟ್ಟು ಎದ್ದರು. "ಹಾಗಿದ್ರೆ ನನ್ನ ಕೈಯೇ ಹೋಗಿದೆ ಬಿಡು. ಬೇರೆ ಯಾರನ್ನಾದ್ರೂ ನೋಡ್ಕೋ."

ಮರುದಿನ ಬರಲಿಲ್ಲ. ದೊಡ್ಡಮ್ಮನ ಫೋನು ಬಂತು. "ಏನಂದೆ ಇವರಿಗೆ? ಗೋಡೆ ಕಡೆ ತಿರುಗಿ ಮಲಗಿದಾರೆ. ಬೈದ್ರೂ ತಿರುಗಿ ಬೈತಿಲ್ಲ ಕಣೇ, ನಂಗೆ ಭಯ ಆಗ್ತಿದೆ."

ಒಂದು ಅಂಕಿ ತಿದ್ದಿದರೆ ವಿಮಾನ ಎಡಕ್ಕೆ ಚೂರು ವಾಲುತ್ತದೆ, ದೊಡ್ಡಪ್ಪ ಗೆಲ್ಲುತ್ತಾರೆ. ಪುಟ್ಟಿಯ ಬೆರಳು ಆ ಅಂಕಿಯವರೆಗೂ ಹೋಯಿತು. ಆದರೆ ಮುಗಿಲಲ್ಲಿ ಬಾಳಿದವರಿಗೆ ಮಕ್ಕಳ ಸೈಕಲ್ಲಿನಂತೆ ಪಕ್ಕದಲ್ಲಿ ಪುಟ್ಟ ಚಕ್ರ ಕಟ್ಟಿಕೊಡುವುದೇ? ಬೆರಳು ಹಿಂದಕ್ಕೆ ಬಂತು. ಬದಲಿಗೆ ಅವರ ಹಾರಾಟಗಳ ದಾಖಲೆ ತೆರೆದು, ಹಿಡಿಕೆ ಎತ್ತ ಎಷ್ಟು ಒತ್ತಿತ್ತು ಎಂಬ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಇಪ್ಪತ್ತೂ ಒಂದೇ ಗೆರೆಯಂತಿದ್ದವು. ವೇಗ ಏರಿದಂತೆಲ್ಲ ಬಲಕ್ಕೆ ಅಷ್ಟಷ್ಟೇ ಒತ್ತು. ಮರೆತ ಕೈ ಒಂದೊಂದು ಸಲ ಒಂದೊಂದು ಥರ ತಪ್ಪುತ್ತದೆ. ಈ ಕೈ ಏನನ್ನೋ ಬಲ್ಲದು.

ನೇರ ದೊಡ್ಡಪ್ಪನ ಮನೆಗೆ ಹೋದಳು.

"ನೀವು ಹಾರಿಸಿದ್ದು ಎಷ್ಟು ವಿಮಾನ, ದೊಡ್ಡಪ್ಪ?"

"ಬೇರೆ ಬೇರೆ," ಎಂದರು ಗೋಡೆಗೆ. "ಬಹುಪಾಲು ಹನ್ನೊಂದನೇ ನಂಬರ್ರು."

"ಅದನ್ನ ನೋಡ್ಕೊಳ್ತಿದ್ದವರು?"

"ಸ್ಪಾನರ್."

ಸ್ಪಾನರ್ ಎಂಬುದು ಅವರ ಕಾಲದ ಮೆಕ್ಯಾನಿಕ್‌ನ ಅಡ್ಡಹೆಸರು. ಪುಟ್ಟಿ ಅವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಾಸಿಗೆಯ ಮೇಲಿಟ್ಟು, ಹನ್ನೊಂದನೆಯದರ ಬಗ್ಗೆ ಕೇಳಿದಳು.

"ಹನ್ನೊಂದಾ? ಅದು ಹುಟ್ಟಾ ಸೊಟ್ಟ, ತಾಯಿ!" ಮುದುಕನ ದನಿ ಖುಷಿಯಿಂದ ಏರಿತು. "ಓಡಿದಷ್ಟೂ ಎಡಕ್ಕೆ ವಾಲೋದು. ರೆಕ್ಕೆ ಅಂಚಲ್ಲಿ ಒಂದು ಸಣ್ಣ ತಗಡು ಇರುತ್ತೆ, ಅದನ್ನ ಚೂರು ಬಗ್ಗಿಸಿದ್ರೆ ನೆಟ್ಟಗಾಗುತ್ತೆ. ಒಂದ್ಸಲ ಬಗ್ಗಿಸಿದೆ. ನಿಮ್ಮ ದೊಡ್ಡಪ್ಪ ಇಳಿದು ಬಂದು, 'ನನ್ನ ವಿಮಾನ ಎಲ್ಲೋ, ಇದ್ಯಾರ್ದೋ' ಅಂತ ನೆಲದ ಮೇಲೇ ಹಾರಾಡಿದ್ರು. ಇವರ ಸಹವಾಸ ಸಾಕಪ್ಪಾ ಅಂತ ಮತ್ತೆ ಸೊಟ್ಟ ಮಾಡಿಟ್ಟೆ. 'ಈಗ ನೋಡು, ಬೆಣ್ಣೆ!' ಅಂದ್ರು."

ದೊಡ್ಡಪ್ಪ ದಡಕ್ಕನೆ ಎದ್ದು ಕೂತರು. "ಲೋ! ನಂಗ್ಯಾಕೋ ಹೇಳ್ಲಿಲ್ಲ?"

"ಅಯ್ಯೋ ಸರ್, ಅಲ್ಲೇ ಇದೀರಾ? ಹೇಳಿದ್ರೆ ಕೇಳೋ ಆಸಾಮಿನಾ ನೀವು?"

"ಅದನ್ನ ನನ್ನ ಕೇಳಿ," ಎಂದರು ಬಾಗಿಲಲ್ಲಿದ್ದ ದೊಡ್ಡಮ್ಮ.

ದೊಡ್ಡಪ್ಪ ಬಲಗೈಯನ್ನು ಒಮ್ಮೆ ಮುಚ್ಚಿ ತೆರೆದು ನೋಡಿಕೊಂಡರು. "ಅಂದ್ರೆ ಇದು ಹನ್ನೊಂದನ್ನ ಮರೆತಿಲ್ಲ."

"ಮರೆತಿದ್ರೆ ನನ್ನ ಕೆಲಸ ಎಂದೋ ಮುಗೀತಿತ್ತು," ಎಂದಳು ಪುಟ್ಟಿ.

ದೊಡ್ಡಪ್ಪ ಪುಟ್ಟಿಯ ತಲೆಗೊಂದು ಮೊಟಕಿದರು. "ಜನಕ್ಕೆ ನೇರವಾದ್ದೇ ಕೊಡು. ಅದು ಸರಿಯಾಗಿದೆ. ಆದ್ರೆ ನಂಗೊಂದು ಹನ್ನೊಂದು ಮಾಡಿಕೊಡ್ತೀಯಾ?"

ಮರುದಿನ ಸ್ಪಾನರ್ ಕೂಡ ಬಂದು ಪಕ್ಕದ ಕುರ್ಚಿ ಹಿಡಿದ. ಪುಟ್ಟಿ ಅಂಕಿ ಬದಲಿಸಿದಂತೆಲ್ಲ ಪರದೆ ನೋಡಿ, "ಇನ್ನೂ ಚೂರು ಸೊಟ್ಟ, ತಾಯಿ," ಎಂದು ಬೆರಳಲ್ಲಿ ಅಳತೆ ತೋರಿಸಿದ. ನಾಲ್ಕನೆಯ ಸಲಕ್ಕೆ ದೊಡ್ಡಪ್ಪ ಧುಮುಕಿದರು. ಗುರಿ ಕಣ್ಣೆದುರಿಂದ ಒಂದಿಷ್ಟೂ ಸರಿಯಲಿಲ್ಲ. ಹೊಡೆದರು, ಮೇಲಕ್ಕೆಳೆದರು, ಯಾರನ್ನೂ ನೋಡದೆ ಇನ್ನೊಂದು ಸುತ್ತು ಹಾಕಲು ವಿಮಾನ ತಿರುಗಿಸಿದರು.

"ಊಟಕ್ಕೆ ಕಳಿಸ್ತೀಯಾ ಇಲ್ವಾ?" ಎಂದು ದೊಡ್ಡಮ್ಮ ಫೋನು ಮಾಡಿದರು.

"ಇಬ್ರೂ ಕೆಳಗಿಳಿಯೋಕೆ ಒಪ್ತಿಲ್ಲ, ದೊಡ್ಡಮ್ಮ," ಎಂದಳು ಪುಟ್ಟಿ. "ನೀವೇ ಬಂದು ಇಳಿಸಿಕೊಳ್ಳಿ."