ಲಿಫ್ಟಣ್ಣನ ಗ್ಯಾರಂಟಿ

ಮಾವ ಮತ್ತೊಮ್ಮೆ ಗುಂಡಿ ಒತ್ತಿದ. ಒಳಗೆ ಫ್ಯಾನು ತಿರುಗಿತು, ಕಂಪ್ಯೂಟರು ಉದ್ದಕ್ಕೆ ಕೂಗಿತು. ಪರದೆ ಮಾತ್ರ ಕಪ್ಪಗೇ ಇತ್ತು.

"ಇದರ ಕತೆ ಮುಗೀತು ಪುಟ್ಟಿ. ಬೇರೆ ಫೋಟೋ ಹುಡುಕೋಣ."

ಪುಟ್ಟಿ ಪರದೆಯ ವೈರನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಪಕ್ಕದ ನಡುಕೋಣೆಯಲ್ಲಿ ಅವಳ ಅಪ್ಪನನ್ನು ಮಲಗಿಸಿದ್ದರು. ಹಿಂದಿನ ಸಂಜೆ ಟೀ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಕಾಲರ್ ಸರಿಮಾಡಿದ್ದು ಅಮ್ಮನೇ. ಅವರು ಕೆಲಸಕ್ಕೆ ಹೊರಡುವಾಗಲೂ ಕಾಲರ್ ಸರಿಮಾಡುತ್ತಿದ್ದವಳು ಅವಳೇ. ಆರು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ನಿವೃತ್ತಿಯವರೆಗೂ ಲಿಫ್ಟ್ ನಡೆಸಿದವರು ಅವರು. ಅಲ್ಲಿಯವರಿಗೆಲ್ಲ ಲಿಫ್ಟಣ್ಣ. ಓಡಿ ಬರುವವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದರು.

ವಾಹನ ಮಧ್ಯಾಹ್ನಕ್ಕೆ ಬರುವುದಿತ್ತು. ಅಷ್ಟರೊಳಗೆ ಅವರ ತಲೆಯ ಬಳಿ ಇಡಲು ಒಂದು ಫೋಟೋ ಬೇಕಿತ್ತು.

"ಆಫೀಸಿನ ಗುರುತಿನ ಚೀಟಿ ಇದೆಯಲ್ಲ, ಅದನ್ನೇ ದೊಡ್ಡದು ಮಾಡಿಸಿದ್ರೆ?" ಮಾವ ಬಾಗಿಲಿಂದಲೇ ಕೇಳಿದ.

"ಬೇಡ ಕಣೋ," ಎಂದಳು ಅಮ್ಮ. "ಅದರಲ್ಲಿ ಪೊಲೀಸರು ಹಿಡ್ಕೊಂಡು ಬಂದ ಹಾಗೆ ಕಾಣ್ತಾರೆ. ನನಗೆ ಕಂಪ್ಯೂಟರ್ ಕಟ್ಟಿದ ದಿನದ ಫೋಟೋನೇ ಬೇಕು. ನಕ್ಕಿರೋದು ಅದೊಂದರಲ್ಲೇ."

ಮೊಬೈಲು ಎತ್ತಿದರೆ ಸಾಕು, ಮುಖಕ್ಕೆ ಅಂಗೈ ಹಿಡಿಯುತ್ತಿದ್ದ ಮನುಷ್ಯ. ಅಮ್ಮ ಕೇಳುತ್ತಿದ್ದ ಫೋಟೋ ತೆಗೆದ ಕ್ಯಾಮೆರಾ ಎಂದೋ ಹಾಳಾಗಿತ್ತು. ಈಗ ಅದು ಉಳಿದಿದ್ದುದು ಈ ಪೆಟ್ಟಿಗೆಯೊಳಗೆ ಮಾತ್ರ.

"ಏನು ಮಾಡಲಿ ಅಕ್ಕಾ, ಗ್ಯಾರಂಟಿ ಮುಗೀತು. ಭಾವನೇ ಹೇಳಿದ್ದರಲ್ಲ..." ಎಂದು ತಮಾಷೆಗೆ ಶುರುಮಾಡಿದ ಮಾವನಿಗೆ ಮಾತು ಮುಗಿಸಲು ಆಗಲಿಲ್ಲ. ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

*

ಪುಟ್ಟಿ ಕಟ್ಟಡದ ನಕ್ಷೆ ಬರೆಯುವ ತರಗತಿಗೆ ಸೇರಿದ ವರ್ಷದ ಮಾತು. ಮನೆಯಲ್ಲೊಂದು ಕಂಪ್ಯೂಟರ್ ಇಲ್ಲದೆ ನಡೆಯುವಂತಿರಲಿಲ್ಲ. ಕೈಯಲ್ಲಿದ್ದುದು ಅಷ್ಟಕ್ಕಷ್ಟೆ. ಮಾವನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವನೇ ಒಂದು ಭಾನುವಾರ ಬಂದು ಕೂತ.

"ರೆಡಿ ಇರೋದನ್ನೇ ತಗೊಳ್ಳಿ ಭಾವ. ಪ್ಲಗ್ ಹಾಕೋದು, ಗುಂಡಿ ಒತ್ತೋದು, ಮುಗೀತು. ಕಂತಲ್ಲಿ ಕೊಟ್ಟರಾಯ್ತು."

"ಒಳಗೆ ಏನಿರುತ್ತೆ?"

"ಏನಿದ್ರೆ ನಿಮಗೇನು? ತೆಗೆಯೋ ಹಾಗೇ ಇಲ್ಲ. ಮೇಲೆ ಸೀಲ್ ಹಾಕಿರ್ತಾರೆ."

ಅಪ್ಪ ಆ ಮಾತನ್ನೇ ಹಿಡಿದುಕೊಂಡರು. "ಇಷ್ಟು ವರ್ಷ ಬರೀ ಗುಂಡಿನೇ ಒತ್ತಿದೀನಿ ಕಣೋ. ಮೇಲೆ ಯಂತ್ರದ ಕೋಣೆಗೆ ಬೀಗ. ಹಗ್ಗ ಹೇಗೆ ಸುತ್ತುತ್ತೆ ಅಂತ ಒಂದು ದಿನ ಒಳಗೆ ಬಿಟ್ಟು ತೋರಿಸಲಿಲ್ಲ. ಇದನ್ನಾದರೂ ಒಳಗೆ ನೋಡ್ತೀನಿ. ಬಿಡಿ ಬಿಡಿಯಾಗಿ ತಂದು ನಾವೇ ಕಟ್ಟೋಣ."

ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ಕಾಲು ನಿಲ್ಲಿಸಿದಳು. "ಗೋಡೆ ಗಡಿಯಾರ ಬಿಚ್ಚಿ ಕಟ್ಟಿದಾಗ ಮುಳ್ಳು ಹಿಂದಕ್ಕೆ ಓಡಿತ್ತು, ನೆನಪಿದೆಯಾ?"

"ಓಡಿತಲ್ಲ! ನಿಂತಿರಲಿಲ್ಲವಲ್ಲ!"

ಮಾವ ನಕ್ಕು ನಕ್ಕು ಕೆಮ್ಮಿದ. "ಸರಿ ಭಾವ, ನಾಳೆ ಕೆಟ್ಟು ಕೂತರೆ? ಗ್ಯಾರಂಟಿ ಯಾರು ಕೊಡ್ತಾರೆ?"

"ನಾನು."

"ಎಷ್ಟು ವರ್ಷ?"

"ನಾನಿರೋವರೆಗೆ."

ಎಲ್ಲರೂ ಪುಟ್ಟಿಯ ಮುಖ ನೋಡಿದರು. ಓದುವವಳು ಅವಳು. ಅಂಗಡಿಯ ಗಾಜಿನ ಹಿಂದಿದ್ದ ಹೊಳೆಯುವ ಕಂಪ್ಯೂಟರ್ ಅವಳ ಕಣ್ಣಲ್ಲೇ ಇತ್ತು. ಆದರೆ ಅಪ್ಪ ಉತ್ತರಕ್ಕೆ ಕಾಯುತ್ತಿದ್ದ ರೀತಿ, ಪರೀಕ್ಷೆ ಬರೆದು ಫಲಿತಾಂಶಕ್ಕೆ ನಿಂತವರ ಹಾಗಿತ್ತು.

"ಕಟ್ಟೋಣಪ್ಪ," ಎಂದಳು.

ಅಪ್ಪನ ಕಲಿಕೆಯೆಲ್ಲ ಲಿಫ್ಟಿನಲ್ಲೇ ನಡೆಯಿತು. ಆರನೇ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಅವನು ಹತ್ತಿದೊಡನೆ ಬಾಗಿಲೆಳೆದು ಒಂದು ಪ್ರಶ್ನೆ ಕೇಳುವರು. ಆರನೇ ಮಹಡಿ ಬರುವುದರೊಳಗೆ ಉತ್ತರ ಮುಗಿಯದಿದ್ದರೆ ಉಳಿದದ್ದು ಅವನು ಇಳಿಯುವಾಗ. ಮೂರನೇ ಮಹಡಿಯ ಲೆಕ್ಕದ ಮೇಡಂ ಇದನ್ನು ಕೇಳಿ ಕೇಳಿ, ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಮಾನಿಟರನ್ನು ಆಟೋದಲ್ಲಿ ತಂದು ಕೊಟ್ಟರು. ಉಳಿದ ಭಾಗಗಳನ್ನು ರಿಪೇರಿಯವನೇ ಜೊತೆಗೆ ಬಂದು ಆರಿಸಿಕೊಟ್ಟ. ಬೈದುಕೊಂಡೇ ಆದರೂ, ವೈರುಗಳನ್ನೆಲ್ಲ ಮಾವ ಅಂಗಡಿಯಿಂದ ತಂದ.

ಊಟದ ಮೇಜಿನ ಮೇಲೆ ಹಾಸಿದ ಹಳೇ ಸೀರೆಯ ಮೇಲೆ ಅಪ್ಪ ಮಗಳು ಕಂಪ್ಯೂಟರ್ ಕಟ್ಟಿದರು. ಗುಂಡಿ ಒತ್ತಿದಾಗ ಪರದೆ ಬೆಳಗಿತು. ಅಪ್ಪ ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಕೊನೆಗೆ ಮಿಕ್ಕಿದ ತೂತುತೂತಿನ ಹೊಳೆಯುವ ತಗಡನ್ನು ಪದಕದ ಹಾಗೆ ಎತ್ತಿ ಹಿಡಿದು ನಕ್ಕರು. ಮಾವ ಫೋಟೋ ತೆಗೆದ.

ಮರುದಿನ ಲಿಫ್ಟಿನಲ್ಲಿ ಆ ತಗಡು ನೋಡಿ ರಿಪೇರಿಯವನು ಹಣೆ ಚಚ್ಚಿಕೊಂಡ. ಅದು ಹೆಚ್ಚಿನ ಸಾಮಾನಲ್ಲ. ಪೆಟ್ಟಿಗೆಯ ಹಿಂಭಾಗದ ಕಿಂಡಿಗೆ ಎಲ್ಲಕ್ಕಿಂತ ಮೊದಲು ಕೂರಿಸಬೇಕಾದದ್ದು. ಈಗ ಹಾಕಬೇಕಾದರೆ ಇಡೀ ಬೋರ್ಡನ್ನೇ ಬಿಚ್ಚಿ ಹೊರಗೆಳೆಯಬೇಕು.

"ನಡೀತಿರೋದನ್ನ ಯಾಕೆ ಬಿಚ್ಚಲಿ?" ಎಂದು ಅಪ್ಪ ತಗಡನ್ನು ತಂದು ಗೋಡೆಯ ಮೊಳೆಗೆ ನೇತುಹಾಕಿದರು. ಕಿಂಡಿಯಿಂದ ಜಿರಲೆ ಒಳಗೆ ಹೋಗುತ್ತದೆಂದು ಅಮ್ಮ ಅವರ ಹಳೇ ಖಾಕಿ ಸಮವಸ್ತ್ರ ಕತ್ತರಿಸಿ ಒಂದು ಪರದೆ ಹೊಲಿದಳು. ಒಂದೊಂದು ವೈರಿಗೂ ಅಳತೆಗೆ ಸರಿಯಾಗಿ ಒಂದೊಂದು ಕಾಜಾ, ಅಂಗಿಯ ಗುಂಡಿಗೆ ಹೊಲಿಯುವ ಹಾಗೇ.

*

ಪುಟ್ಟಿ ಮೇಜಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದಳು.

"ಈಗ ಯಾಕಮ್ಮಾ, ಇಷ್ಟು ಜನ ಬಂದಿರೋವಾಗ," ಎಂದ ಮಾವ. ಅಷ್ಟರಲ್ಲಿ ಬಾಗಿಲಲ್ಲಿ ರಿಪೇರಿಯವನು ಕಂಡ. ತಲೆ ಈಗ ಪೂರ್ತಿ ಬೆಳ್ಳಗಾಗಿತ್ತು. "ಸದ್ಯ, ಸರಿಯಾದ ಹೊತ್ತಿಗೆ ಬಂದ್ರಿ," ಎಂದು ಮಾವ ಮತ್ತೆ ಗುಂಡಿ ಒತ್ತಿ ತೋರಿಸಿದ. "ನೀವೇ ನೋಡಿ, ಕೂಗುತ್ತೆ, ಚಾಲೂ ಆಗಲ್ಲ."

ಆ ಕೂಗು ಕೇಳಿದೊಡನೆ ರಿಪೇರಿಯವನಿಗೆ ಎಲ್ಲ ಗೊತ್ತಾಯಿತು. ಅವನ ಕೈ ತಾನಾಗಿ ಮುಂದೆ ಬಂತು. ಆಮೇಲೆ ಪುಟ್ಟಿಯ ಮುಖ ನೋಡಿದ. ಕೈ ಹಿಂದಕ್ಕೆ ಕಟ್ಟಿಕೊಂಡ.

"ಅವರೇ ನೋಡ್ಲಿ. ನಾನು ಬೆಳಕು ಹಿಡೀತೀನಿ," ಎಂದು ಮೊಬೈಲಿನ ದೀಪ ಹಚ್ಚಿದ.

ಪುಟ್ಟಿ ಪ್ಲಗ್ ಕಿತ್ತಳು. ಪಕ್ಕದ ಮುಚ್ಚಳ ತೆಗೆದಳು. ಹೀಗೆ ಕೂಗಿದಾಗ ಅಪ್ಪ ಇದನ್ನು ಅವಳೆದುರೇ ಎಷ್ಟೋ ಸಲ ಮಾಡಿದ್ದರು. ಅವಳು ಮಾತ್ರ ಒಮ್ಮೆಯೂ ಮಾಡಿರಲಿಲ್ಲ, ಅಪ್ಪ ಇದ್ದರಲ್ಲ. ರ‍್ಯಾಮ್ ಎಂಬ ನೆನಪಿನ ಪಟ್ಟಿಯ ಎರಡೂ ಕೊಂಡಿಗಳನ್ನು ಹೆಬ್ಬೆರಳಿನಿಂದ ಬಿಡಿಸಿ ಮೇಲೆಳೆದಳು. ನಕ್ಷೆ ತಿದ್ದುವ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿದಳು. ರಬ್ಬರು ಕಪ್ಪಾಯಿತು. ಹುಡಿ ಊದಿ, ಮತ್ತೆ ಕೂರಿಸಿ ಒತ್ತಿದಳು. ಒಂದು ಕಡೆ ಮಾತ್ರ ಟಕ್ ಎಂದಿತು.

ರಿಪೇರಿಯವನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದ.

"ಎರಡು ಕಡೆ ಕೇಳಿಸಬೇಕು," ಎಂದು ಪುಟ್ಟಿ ತನಗೆ ತಾನೇ, ಥೇಟ್ ಅಪ್ಪನ ದನಿಯಲ್ಲೇ ಅಂದಳು. ಇನ್ನೊಂದು ತುದಿಯನ್ನು ಒತ್ತಿದಳು. ಟಕ್.

ಪ್ಲಗ್ ಮತ್ತೆ ಹಾಕಿ, ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದಳು. ಈ ಸಲ ಕೂಗಲಿಲ್ಲ. ಚಿಕ್ಕದೊಂದು ಸದ್ದು, ಆಮೇಲೆ ಬೆಳಕು.

"ಅಕ್ಕಾ! ಬಂತು ಅಕ್ಕಾ!" ಮಾವ ಸತ್ತ ಮನೆಯೆಂಬುದನ್ನೂ ಮರೆತು ಕೂಗಿದ.

ಫೋಟೋ ಮುದ್ರಿಸಿ ತರಲು ಹೊತ್ತಿರಲಿಲ್ಲ. ಮಾವನೂ ರಿಪೇರಿಯವನೂ ಕಂಪ್ಯೂಟರನ್ನೇ ನಡುಕೋಣೆಗೆ ಹೊತ್ತು ತಂದು ಅಪ್ಪನ ತಲೆಯ ಬಳಿ ಸ್ಟೂಲಿನ ಮೇಲಿಟ್ಟರು. ಪರದೆ ತುಂಬ ಅಪ್ಪ ನಕ್ಕರು. ಕೆಳಗೆ ಮಲಗಿದ್ದವರಿಗಿಂತ ಎಷ್ಟೋ ವರ್ಷ ಚಿಕ್ಕವರು.

ಅಮ್ಮ ತುಂಬ ಹೊತ್ತು ನೋಡಿದಳು. "ಕಾಲರ್ ನೋಡು, ಆವತ್ತೂ ಸೊಟ್ಟ," ಎಂದಳು.

ಲೆಕ್ಕದ ಮೇಡಂ ಕೋಲೂರಿಕೊಂಡು ಬಂದರು. ಹೂವಿಟ್ಟು, ಮಾನಿಟರಿನ ಅಂಚು ಮುಟ್ಟಿ, "ನಮ್ಮನೇದು! ಇನ್ನೂ ಇಟ್ಕೊಂಡಿದೀರಾ!" ಎಂದರು. ಕನ್ನಡಕ ಸರಿಮಾಡಿ ಬಗ್ಗಿದರು. "ಕೈಯಲ್ಲೇನು ಹಿಡ್ಕೊಂಡಿದಾರೆ, ಬಹುಮಾನವಾ?"

ರಿಪೇರಿಯವನು ಗಂಟಲು ಸರಿಮಾಡಿಕೊಂಡ. "ಅದು ಒಳಗೆ ಹಾಕಬೇಕಾದ ತಗಡು ಮೇಡಂ. 'ಬೋರ್ಡ್ ಕೂರಿಸೋ ಮೊದಲು' ಅಂತ ನಾನು ಶುರುಮಾಡಿದ್ದೆ. ಅಷ್ಟರಲ್ಲಿ ಆರನೇ ಮಹಡಿ ಬಂತು, ಬಾಗಿಲು ತೆಗೆದ್ರು. ಕೆಳಗಿಳಿಯೋವಾಗ ಇಬ್ಬರಿಗೂ ಮರೆತುಹೋಯ್ತು."

ಮೇಡಂ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗಲಿಲ್ಲ. ಅಮ್ಮನೂ ನಕ್ಕಳು, ಕಣ್ಣೀರು ಸುರಿಯುತ್ತಿದ್ದಂತೆಯೇ. ಕಚೇರಿಯ ಆರೂ ಮಹಡಿಗಳಿಂದ ಬಂದು ಕೋಣೆಯಲ್ಲಿ ಸೇರಿದ್ದವರೆಲ್ಲ ನಕ್ಕರು.

"ಕಟ್ಟಿದ್ದು ಅವರೇ," ಎಂದಳು ಅಮ್ಮ ಎಲ್ಲರಿಗೂ ಕೇಳುವ ಹಾಗೆ. "ಪುಟ್ಟಿ ಬರೆದ ಮೊದಲನೇ ಮನೆ ನಕ್ಷೆ ಇದರಲ್ಲೇ ಆಗಿದ್ದು. ಆ ಮನೇಲಿ ಈಗ ಜನ ಇದಾರೆ."

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಪುಟ್ಟಿ ಬಗ್ಗಿ ಪೆಟ್ಟಿಗೆಯ ಮುಚ್ಚಳ ಮುಚ್ಚತೊಡಗಿದಳು. ಮಾವ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಕೊಡುತ್ತಿದ್ದ.

"ಇನ್ನು ಮುಂದೆ ಗ್ಯಾರಂಟಿ ಯಾರದು ಪುಟ್ಟಿ?"

"ನಂದು," ಎಂದಳು, ತಲೆ ಎತ್ತದೆ.

ಮಾವ ಎದ್ದು ಒಳಗೆ ಹೋದ. ಮೊಳೆಯಿಂದ ತಗಡನ್ನು ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ ತಂದು, ಭಾವನ ಅಂಗಿಯ ಜೇಬಿಗೆ ಇಳಿಸಿದ. ಪೂರ್ತಿ ಒಳಗೆ ಹೋಗಲಿಲ್ಲ. ಅಮ್ಮ ಕಾಲರನ್ನು ಇನ್ನೊಮ್ಮೆ ಸರಿಮಾಡಿದಳು.

ಎತ್ತಿದರು. ಬಾಗಿಲ ಬಳಿ ಎಲ್ಲರಿಗಿಂತ ಮೊದಲು ಹೋಗಿದ್ದ ರಿಪೇರಿಯವನು, ಅದು ಮುಚ್ಚಿಕೊಳ್ಳದ ಹಾಗೆ ಕೈ ಅಡ್ಡ ಹಿಡಿದು ನಿಂತಿದ್ದ. ಹೊಸಿಲು ದಾಟುವಾಗ ಜೇಬಿನ ತಗಡು ಬಿಸಿಲಿಗೆ ಒಮ್ಮೆ ಹೊಳೆಯಿತು. ಖಾಲಿಯಾದ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನು ತಿರುಗುತ್ತಲೇ ಇತ್ತು, ಪೆಟ್ಟಿಗೆಯ ಬೆನ್ನಲ್ಲಿ ಕಾಜಾ ಹೊಲಿದ ಖಾಕಿ ಬಟ್ಟೆ ಮೆಲ್ಲಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು.