ಅಣ್ಣನ ಕಾರು ಎಳೆದ ದಿನ

ಮೊಂಡುತನಕ್ಕೆ ಹೆಸರಾಗಿದ್ದ ಅಣ್ಣ ತೀರಿಕೊಂಡ ಮೇಲೆ, ಅವನ ಹಳೆಯ ಕಾರನ್ನು ಗುಜರಿಗೆ ಹಾಕಲು ತಂಗಿ ತನ್ನ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೊರಟಳು. ಕೆಟ್ಟ ಗಾಡಿ ಎಳೆಯುವುದೇ ಅವಳ ಕಸುಬು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಸಿಯೇರದಿರಲೆಂದು ದೊಡ್ಡ ಆಯಿಲ್ ಕೂಲರನ್ನೂ ಹಾಕಿಸಿದ್ದಳು. ಆದರೂ ಅಂದು ಹಾಡಹಗಲಲ್ಲಿ, ಅದೂ ಎಂಜಿನ್ನಿಗೆ ಶ್ರಮವೇ ಇಲ್ಲದ ಇಳಿಜಾರಿನಲ್ಲಿ, ಗೇರ್ ಆಯಿಲ್ಲಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು.

ಅವಳು ಪಕ್ಕಕ್ಕೆ ನಿಲ್ಲಿಸಿ, ಆಯಿಲ್ ತಣ್ಣಗಾಗಲೆಂದು ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಓಡಲು ಬಿಟ್ಟು ಇಳಿದಳು. ಕಾರಿನ ನಾಲ್ಕೂ ಚಕ್ರಗಳು ಕೈ ಸುಡುತ್ತಿದ್ದವು. ಅದರ ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ. ಬಗ್ಗಿ ಒಳಗೆ ನೋಡಿದರೆ, ಸೀಟು ಖಾಲಿ. ಬ್ರೇಕ್ ಪೆಡಲ್ ಮಾತ್ರ ತಳ ಮುಟ್ಟುವಷ್ಟು ಒತ್ತಿಕೊಂಡಿತ್ತು.

ಅವಳು ಮೆಲ್ಲಗೆ, "ಕಾಲು ತೆಗಿ ಅಣ್ಣ, ನನ್ನ ಗೇರ್‌ಬಾಕ್ಸ್ ಸುಟ್ಟುಹೋಗುತ್ತೆ" ಎಂದಳು. ಪೆಡಲ್ ಅಲುಗಲಿಲ್ಲ.

"ಗುಜರಿಗೆ ಬೇಡ್ವಾ? ಆಯ್ತು, ಮನೆಗೇ ಹೋಗೋಣ."

ಪೆಡಲ್ ನಿಧಾನವಾಗಿ ಮೇಲೆದ್ದಿತು.

ಅವಳು ಗಾಡಿ ತಿರುಗಿಸಿ ಅದೇ ದಾರಿಯಲ್ಲಿ ಏರು ಹತ್ತತೊಡಗಿದಳು. ಅರ್ಧ ಏರಿನಲ್ಲಿ ಅವಳಿಗೆ ಅರಿವಾಯಿತು, ಆಕ್ಸಿಲರೇಟರ್ ಮೇಲೆ ತನ್ನ ಕಾಲೇ ಇರಲಿಲ್ಲ. ಹಿಂದಿನಿಂದ ಯಾರೋ ತಳ್ಳುತ್ತಿರುವಂತೆ ಟ್ರಕ್ಕು ಹತ್ತುತ್ತಲೇ ಇತ್ತು. ಕನ್ನಡಿಯಲ್ಲಿ ಹಿಂದಕ್ಕೆ ನೋಡುವ ಧೈರ್ಯ ಮನೆ ಮುಟ್ಟುವವರೆಗೂ ಅವಳಿಗೆ ಬರಲಿಲ್ಲ.