ಅಲಗಿನ ಮೇಲೆ ಮೂರು ಚುಕ್ಕೆ

ಮರ ಹೆರೆದು ನುಣುಪು ಮಾಡಲು ನಾನು ಕೈಯಾರೆ ಮಾಡಿದ ಮೊದಲ ಉಜ್ಜುಗೊರಡು ಎರಡು ವಾರದಿಂದ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು. ಮರದ ಕೆಲಸ ಮುಗಿದಿತ್ತು, ಅಲಗು ಮಾತ್ರ ಬಾಕಿ. ಗರಗಸದ ಹಲ್ಲು ತಿಕ್ಕಲು ತಾತ ಬಳಸುತ್ತಿದ್ದ ಹಳೆಯ ಉಕ್ಕಿನ ಅರವನ್ನೇ ಬಡಿದು, ಸಾಣೆ ಹಿಡಿದು ಅಲಗಿನ ಆಕಾರಕ್ಕೆ ತಂದಿದ್ದೆ. ಎಡವಿದ್ದು ಹದ ಹಾಕುವಲ್ಲಿ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ ಉಕ್ಕು ಗಾಜಿನಷ್ಟು ಪೆಡಸು. ಅದನ್ನು ಮತ್ತೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಒಣಹುಲ್ಲಿನ ಬಣ್ಣಕ್ಕೆ ನಿಲ್ಲಿಸಿ ನೀರಿಗೆ ಹಾಕಬೇಕು. ಎರಡು ಸಲವೂ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನೀಲಿಗೆ ತಿರುಗಿ ಮೆತ್ತಗಾಗಿತ್ತು. ಇವತ್ತು ಮೂರನೇ ಸಲ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿಟ್ಟಿದ್ದೆ.

“ಈ ಸಲಾನೂ ಕೆಟ್ರೆ ಮುಗೀತು. ಇನ್ನೊಂದ್ಸಲ ಕೆಂಪಗೆ ಕಾಯಿಸಿದ್ರೆ ಸೀಳೇ ಸೀಳುತ್ತೆ,” ಎಂದರು ಅಪ್ಪ.

ಬಣ್ಣ ಹಿಡಿಯುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ. ಆದರೆ ಅವರ ಕಣ್ಣಿನ ಆಪರೇಷನ್ ಆಗಿ ಐದೇ ದಿನ. ಕಪ್ಪು ಕನ್ನಡಕ ತೆಗೆಯಲು ಅಮ್ಮ ಬಿಡಬೇಕಲ್ಲ!

“ಒಂದೇ ನಿಮಿಷ ಕಣೇ,” ಅಪ್ಪ ಗೋಗರೆದರು.

“ಅರ್ಧ ನಿಮಿಷಾನೂ ಇಲ್ಲ. ಸುಮ್ನೆ ಕೂತ್ಕೊಳ್ಳಿ.”

ನಮ್ಮಲ್ಲಿ ಈ ಕೊನೆಯ ಬಿಸಿ ಅಮ್ಮನ ದಪ್ಪ ಬಾಣಲಿಯಲ್ಲೇ. ಮೂವತ್ತು ವರ್ಷದಿಂದ ಅವಳು ಅದಕ್ಕೆ ಗೊಣಗುತ್ತಲೇ ಇದ್ದಾಳೆ. ಉಸಿರು ಬಿಗಿಹಿಡಿದು ಅಲಗನ್ನು ಇಟ್ಟೆ. ಅಂಚಿನಲ್ಲಿ ತೆಳು ಹಳದಿ ಹಬ್ಬಿತು. ಇನ್ನೂ ಸ್ವಲ್ಪ ಬೇಕು ಎಂದುಕೊಂಡೆ.

“ತೆಗಿ!” ಬೆನ್ನ ಹಿಂದಿನಿಂದ ಅಮ್ಮ ಕೂಗಿದಳು.

“ಇನ್ನೂ ಬಣ್ಣ ಬಂದಿಲ್ಲಮ್ಮಾ...”

“ತೆಗಿ ಅಂದೆ!”

ಅಮ್ಮ ಆ ದನಿಯಲ್ಲಿ ಕೂಗಿದ ಮೇಲೆ ವಾದವಿಲ್ಲ. ಇಕ್ಕಳದಲ್ಲಿ ಎತ್ತಿದೆ. ನೀರು ಮುಟ್ಟುವಷ್ಟರಲ್ಲಿ ಒಣಹುಲ್ಲಿನ ಬಣ್ಣ ತಾನಾಗಿಯೇ ಬಂದಿತ್ತು.

“ಎತ್ತಿದ್ಮೇಲೂ ಬಿಸಿ ಒಳಗೇ ಇರುತ್ತಲ್ಲ. ಬೀಜ ಹುರಿಯೋವಾಗ್ಲೂ ಅಷ್ಟೇ, ಪೂರ್ತಿ ಕೆಂಪಾಗ್ಲಿ ಅಂತ ಕಾದ್ರೆ ಕರಕಲೇ. ನಿಮ್ಮಪ್ಪ ಯಾವಾಗ್ಲೂ ಮುಂಚೇನೇ ಎತ್ತೋರು,” ಎಂದಳು.

ಅಪ್ಪ ತಬ್ಬಿಬ್ಬಾದರು. “ಇಷ್ಟು ವರ್ಷ ನೋಡ್ತಿದ್ಯಾ?”

“ನನ್ನ ಬಾಣಲಿ ಏನಾಗುತ್ತೋ ಅಂತ ನೋಡ್ತಿದ್ದೆ.”

ಅಲಗನ್ನು ಮಸೆದು, ಕೂರಿಸಿ, ಹಲಗೆಯ ಮೇಲೆ ಒಮ್ಮೆ ತಳ್ಳಿದೆ. ಈ ತುದಿಯಿಂದ ಆ ತುದಿಗೆ ಒಂದೇ ಸುರುಳಿ ಎದ್ದು ಬಂತು. ನನಗೆ ಕುಣಿಯುವಷ್ಟು ಖುಷಿ. ಅಪ್ಪ ಅದನ್ನು ಬೆರಳಲ್ಲಿ ಸವರಿ, “ಈರುಳ್ಳಿ ಸಿಪ್ಪೆಗಿಂತ ತೆಳು,” ಎಂದರು.

ಅಲಗಿನ ಮೇಲ್ತುದಿಯಲ್ಲಿ ಮಾಡಿದವರು ಮೊನೆಯುಳಿ ಇಟ್ಟು ಸುತ್ತಿಗೆಯಿಂದ ಒಂದು ಚುಕ್ಕೆ ಹೊಡೆಯುವುದು ನಮ್ಮ ಮನೆಯ ರೂಢಿ. ನಾನು ಹೊಡೆದೆ. ಹೇಳಿಕೊಟ್ಟವರೆಂದು ಅಪ್ಪನಿಗೂ ಸುತ್ತಿಗೆ ಕೊಟ್ಟೆ. ತಡವಿಕೊಂಡು ಪಕ್ಕದಲ್ಲೇ ಹೊಡೆದರು. ಆಮೇಲೆ ಸುತ್ತಿಗೆಯನ್ನು ಅಮ್ಮನ ಕಡೆ ಚಾಚಿದರು.

“ನನಗ್ಯಾಕೆ? ಒಳ್ಳೇ ಕಥೆ!” ಎನ್ನುತ್ತಲೇ ಅವಳು ಮೇಜು ಅದುರುವಂತೆ ಬಾರಿಸಿದಳು. ಮೂರರಲ್ಲಿ ಅದೇ ಆಳವಾದ ಚುಕ್ಕೆ.

“ಈಗ ಆ ಅಡುಗೆಮನೆ ಬಾಗಿಲು ಉಜ್ಜು, ವರ್ಷದಿಂದ ಹಿಡ್ಕೊಳ್ತಿದೆ. ಮನೇಲಿ ಇಬ್ರು ಬಡಗಿಗಳಿದ್ದೂ ಈ ಪಾಡು!”

“ಮೂವರು,” ಎಂದರು ಅಪ್ಪ.

ಬಾಣಲಿ ತೊಳೆಯಲು ಹೋದ ಅಮ್ಮ ನಲ್ಲಿ ತಿರುಗಿಸುವುದನ್ನೇ ಮರೆತು, ನಗುತ್ತಾ ನಿಂತಿದ್ದಳು.